ಪ್ಯಾನೆಲ್‌ನಲ್ಲಿ ಕಾಂಟ್ಯಾಕ್ಟರ್ ಬದಲಿಸ್ತೀರಾ? ಮೊದಲು ಟೂಲ್ ಬ್ಯಾಗ್ ತೆಗೆದು ನೋಡಿ

ಮೋಟಾರ್ ಸ್ಟಾರ್ಟ್ ಆಗುತ್ತಿಲ್ಲ. ಪ್ಯಾನೆಲ್ ಬಾಗಿಲು ತೆಗೆದರೆ ಸುಟ್ಟ ವಾಸನೆ. ಮೋಟಾರ್‌ಗೆ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್, ಅಂದರೆ ಕಾಂಟ್ಯಾಕ್ಟರ್‌ನ ಮಧ್ಯದ ಟರ್ಮಿನಲ್ ಹತ್ತಿರ ಪ್ಲಾಸ್ಟಿಕ್ ಕಂದಿ ಹೋಗಿದೆ, ವೈರ್‌ನ ಸಿಪ್ಪೆ ಕರಗಿದೆ. ಹೊಸದು ತಂದು ಹಾಕಿದರೆ ಮುಗೀತು ಅಂತ ಎಲ್ಲರೂ ಹೇಳುತ್ತಾರೆ. ನಿಜ, ಕೆಲಸ ದೊಡ್ಡದೇನಲ್ಲ. ಆರು ಪವರ್ ವೈರ್, ನಾಲ್ಕೈದು ಕಂಟ್ರೋಲ್ ವೈರ್, ಅಷ್ಟೇ ಅಲ್ವಾ.

ನಾನು ಕೆಲಸ ಕಲಿಯುತ್ತಿದ್ದಾಗ ಹೀಗೇ ಒಂದು ಕಾಂಟ್ಯಾಕ್ಟರ್ ಬದಲಿಸಿದ್ದೆ, ಕೈಗೆ ಸಿಕ್ಕ ಸ್ಟಾರ್ ಸ್ಕ್ರೂಡ್ರೈವರ್‌ನಲ್ಲಿ. ಎರಡು ವಾರಕ್ಕೆ ಅದೇ ಫೇಸ್ ಮತ್ತೆ ಸುಟ್ಟಿತು. ಹೊಸ ಕಾಂಟ್ಯಾಕ್ಟರ್‌ನಲ್ಲಿ ಏನೂ ದೋಷ ಇರಲಿಲ್ಲ. ಸ್ಕ್ರೂ ಬಿಗಿಯಾಗಿದೆ ಅಂತ ನನ್ನ ಕೈಗೆ ಅನ್ನಿಸಿತ್ತು, ಆದರೆ ಅದು ಬಿಗಿಯಾಗಿರಲಿಲ್ಲ. ಅವತ್ತಿನಿಂದ ನಾನು ಹೊಸ ಪಾರ್ಟ್‌ಗಿಂತ ಮೊದಲು ಟೂಲ್ಸ್ ನೋಡುತ್ತೇನೆ. ಯಾವ ಟೂಲ್, ಯಾಕೆ, ಯಾವ ಹಂತದಲ್ಲಿ ಅಂತ ಇಲ್ಲಿ ಕ್ರಮವಾಗಿ ಹೇಳುತ್ತೇನೆ. ಇದು ತರಬೇತಿ ಮತ್ತು ಅನುಮತಿ ಇರುವವರ ಕೆಲಸ. ಅದಿಲ್ಲದೆ ಪ್ಯಾನೆಲ್ ಒಳಗೆ ಕೈ ಹಾಕಬೇಡಿ.

ಮೊದಲ ಟೂಲ್ ಒಂದು ಬೀಗ

ಐಸೊಲೇಟರ್, ಅಂದರೆ ಪ್ಯಾನೆಲ್‌ಗೆ ಬರುವ ಕರೆಂಟ್ ಕಡಿಯುವ ಮೇನ್ ಸ್ವಿಚ್ ಆಫ್ ಮಾಡಿ, ಅದರ ಹಿಡಿಗೆ ನಿಮ್ಮದೇ ಬೀಗ ಹಾಕಿ, ನಿಮ್ಮ ಹೆಸರಿನ ಟ್ಯಾಗ್ ಕಟ್ಟಿ, ಕೀ ಜೇಬಿಗೆ ಹಾಕಿಕೊಳ್ಳಿ. ಇಬ್ಬರು ಕೆಲಸ ಮಾಡುತ್ತಿದ್ದರೆ ಎರಡು ಬೀಗ ಬೇಕು. ಅದಕ್ಕೆಂದೇ ಆರು ತೂತಿನ ಹ್ಯಾಸ್ಪ್ ಬರುತ್ತದೆ, ಪ್ರತಿಯೊಬ್ಬರೂ ತಮ್ಮ ಬೀಗ ತಾವೇ ಹಾಕಬೇಕು, ತಾವೇ ತೆಗೆಯಬೇಕು. "ಯಾರೂ ಆನ್ ಮಾಡಬೇಡಿ" ಅಂತ ಕೂಗಿ ಹೇಳಿದರೆ ಸಾಲದು. ಆ ಹೊತ್ತಿಗೆ ಊಟಕ್ಕೆ ಹೋಗಿದ್ದವನಿಗೆ ಅದು ಕೇಳಿಸಿರುವುದಿಲ್ಲ.

ಒಂದು ಮಾತು ಮರೆಯಬೇಡಿ. ಮೇನ್ ಆಫ್ ಆದ ಮಾತ್ರಕ್ಕೆ ಪ್ಯಾನೆಲ್ ಪೂರ್ತಿ ಸತ್ತಿರುತ್ತದೆ ಅಂತಲ್ಲ. ಕಂಟ್ರೋಲ್ ಸಪ್ಲೈ ಬೇರೆ ಫೀಡರ್‌ನಿಂದ ಬಂದಿರಬಹುದು, ಪಕ್ಕದ ಪ್ಯಾನೆಲ್‌ನಿಂದ ಇಂಟರ್‌ಲಾಕ್ ವೈರ್ ಬಂದಿರಬಹುದು, ಮೋಟಾರ್ ಒಳಗಿನ ಹೀಟರ್‌ಗೆ ಪ್ರತ್ಯೇಕ ಲೈನ್ ಇರಬಹುದು. ಡ್ರಾಯಿಂಗ್ ಬಿಡಿಸಿ, ಎಲ್ಲೆಲ್ಲಿಂದ ಕರೆಂಟ್ ಬರುತ್ತದೆ ನೋಡಿ, ಅಷ್ಟಕ್ಕೂ ಬೀಗ ಹಾಕಿ.

ಕರೆಂಟ್ ಇಲ್ಲ ಅಂತ ಸಾಬೀತು ಮಾಡಿ

ಜೇಬಿನಲ್ಲಿ ಸಿಕ್ಕಿಸಿಕೊಳ್ಳುವ ನಿಯಾನ್ ಟೆಸ್ಟರ್ ಈ ಕೆಲಸಕ್ಕೆ ಬೇಡ. ದೀಪ ಹತ್ತಲಿಲ್ಲ ಎಂದರೆ ಕರೆಂಟ್ ಇಲ್ಲ ಅಂತಲೂ ಆಗಬಹುದು, ಬಲ್ಬ್ ಹೋಗಿದೆ ಅಂತಲೂ ಆಗಬಹುದು. ಮುಟ್ಟದೆ ಬೀಪ್ ಅನ್ನುವ ಪೆನ್ ಕೂಡ ಸೂಚನೆ ಕೊಡುತ್ತದೆ ಅಷ್ಟೇ, ಸಾಕ್ಷಿ ಆಗುವುದಿಲ್ಲ. ಎರಡು ಪ್ರೋಬ್ ಇರುವ ವೋಲ್ಟೇಜ್ ಟೆಸ್ಟರ್ ಇಟ್ಟುಕೊಳ್ಳಿ. ಮಲ್ಟಿಮೀಟರ್‌ಗಿಂತ ನನಗೆ ಇದೇ ಇಷ್ಟ, ಯಾಕೆಂದರೆ ಇದರಲ್ಲಿ ರೇಂಜ್ ತಿರುಗಿಸುವ ತಾಪತ್ರಯ ಇಲ್ಲ. ಮಲ್ಟಿಮೀಟರ್‌ನಲ್ಲಿ ಹಿಂದಿನ ಸಲ ಯಾರೋ ಕರೆಂಟ್ ಅಳೆದು ಪ್ರೋಬನ್ನು ಆಂಪಿಯರ್ ಸಾಕೆಟ್‌ನಲ್ಲೇ ಬಿಟ್ಟಿದ್ದರೆ, ನೀವು ಎರಡು ಫೇಸ್ ನಡುವೆ ಇಟ್ಟ ಕೂಡಲೇ ಅದು ನೇರ ಶಾರ್ಟ್. ಯಾವುದೇ ಮೀಟರ್ ಆಗಲಿ, ಮೇಲೆ ಸುರಕ್ಷತೆಯ ದರ್ಜೆ ಕ್ಯಾಟ್ 3 ಅಥವಾ ಕ್ಯಾಟ್ 4, ಕನಿಷ್ಠ 600 ವೋಲ್ಟ್ ಅಂತ ಬರೆದಿರಬೇಕು. ಪ್ರೋಬ್ ವೈರ್‌ಗಳ ಮೇಲೂ ಅದೇ ಇರಬೇಕು.

ಪರೀಕ್ಷೆಗೆ ಮೂರು ಹೆಜ್ಜೆ. ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಜಾಗದಲ್ಲಿ ಟೆಸ್ಟರ್ ಇಟ್ಟು ಅದು ತೋರಿಸುತ್ತದಾ ನೋಡಿ. ಆಮೇಲೆ ನೀವು ಕೆಲಸ ಮಾಡುವ ಜಾಗದಲ್ಲಿ ನೋಡಿ. ಕೊನೆಗೆ ಮತ್ತೆ ಮೊದಲಿನ ಜಾಗಕ್ಕೆ ಹೋಗಿ, ಟೆಸ್ಟರ್ ಇನ್ನೂ ಬದುಕಿದೆಯಾ ಖಾತ್ರಿ ಮಾಡಿಕೊಳ್ಳಿ. ಕೆಲಸದ ಜಾಗದಲ್ಲಿ ಫೇಸ್‌ನಿಂದ ಫೇಸ್‌ಗೆ ಮೂರು ಸಲ, ಪ್ರತಿ ಫೇಸ್‌ನಿಂದ ಅರ್ಥ್‌ಗೆ ಮೂರು ಸಲ, ಕಾಂಟ್ಯಾಕ್ಟರ್‌ನ ಮೇಲೂ ಕೆಳಗೂ, ಹಾಗೇ ಕಾಂಟ್ಯಾಕ್ಟರನ್ನು ಎಳೆದು ಮುಚ್ಚುವ ಕಾಯಿಲ್‌ನ ಎ1, ಎ2 ಟರ್ಮಿನಲ್‌ಗಳಲ್ಲೂ ನೋಡಬೇಕು. ಕಂಟ್ರೋಲ್ ವೈರ್ ಸೇರುವ ಸಹಾಯಕ ಕಾಂಟ್ಯಾಕ್ಟ್‌ಗಳನ್ನು ಬಿಡಬೇಡಿ, ಪಕ್ಕದ ಪ್ಯಾನೆಲ್‌ನ ಕರೆಂಟ್ ಬಂದು ಕೂತಿರುವುದು ಸಾಮಾನ್ಯವಾಗಿ ಅಲ್ಲೇ.

ಪ್ಯಾನೆಲ್‌ನಲ್ಲಿ ಡ್ರೈವ್, ಅಂದರೆ ಮೋಟಾರ್ ವೇಗ ಬದಲಿಸುವ ವಿಎಫ್‌ಡಿ ಇದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. 415 ವೋಲ್ಟ್ ಎಸಿ ಒಳಗೆ ಹೋದರೆ ಡ್ರೈವ್‌ನ ಕೆಪಾಸಿಟರ್‌ಗಳಲ್ಲಿ ಸುಮಾರು 587 ವೋಲ್ಟ್ ಡಿಸಿ ನಿಂತಿರುತ್ತದೆ, ಸ್ವಿಚ್ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಎಷ್ಟು ನಿಮಿಷ ಕಾಯಬೇಕು ಅಂತ ಡ್ರೈವ್ ಮೇಲೆಯೇ ಬರೆದಿರುತ್ತದೆ. ಅಷ್ಟು ಕಾಯಿರಿ, ಆಮೇಲೆ ಡಿಸಿ ಪ್ಲಸ್ ಮತ್ತು ಮೈನಸ್ ಟರ್ಮಿನಲ್ ನಡುವೆ ಅಳೆಯಿರಿ. ಡಿಸ್‌ಪ್ಲೇ ಆರಿದೆ ಅಂದ ಮಾತ್ರಕ್ಕೆ ನಂಬಬೇಡಿ. ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರ್ ಆಗಿದ್ದರೆ, ಗಾಳಿಗೋ ನೀರಿನ ಒತ್ತಡಕ್ಕೋ ಶಾಫ್ಟ್ ತಿರುಗಿದರೂ ಅದೇ ಕರೆಂಟ್ ಹುಟ್ಟಿಸುತ್ತದೆ, ಹಾಗಾಗಿ ಶಾಫ್ಟ್ ನಿಲ್ಲಿಸಿ ಕಟ್ಟಿಹಾಕಿ.

ಬಿಚ್ಚುವ ಮುಂಚೆ

ಮೊಬೈಲ್‌ನಲ್ಲಿ ಮೂರು ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ವೈರ್ ಮೇಲಿನ ಫೆರೂಲ್ ನಂಬರ್, ಅಂದರೆ ಗುರುತಿನ ಉಂಗುರದ ನಂಬರ್ ಡ್ರಾಯಿಂಗ್‌ಗೆ ಹೊಂದುತ್ತದಾ ನೋಡಿ, ನಂಬರ್ ಬಿದ್ದುಹೋಗಿದ್ದರೆ ಬಿಚ್ಚುವ ಮೊದಲೇ ಹೊಸದು ಹಾಕಿ.

ಹೊಸ ಕಾಂಟ್ಯಾಕ್ಟರ್‌ನ ಪ್ಲೇಟ್ ಓದುವುದೂ ಈಗಲೇ. ಕಾಯಿಲ್ ವೋಲ್ಟೇಜ್ ಒಂದೇ ಇರಬೇಕು, 24 ಡಿಸಿ, 110 ಎಸಿ, 230 ಎಸಿ ಎಲ್ಲವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಆಂಪಿಯರ್ ನೋಡುವಾಗ ಎಸಿ-3 ಅಂತ ಬರೆದಿರುವ ಅಂಕಿ ನೋಡಿ, ಮೋಟಾರ್‌ಗೆ ಅದೇ. ಎಸಿ-1 ಅನ್ನುವುದು ಹೀಟರ್‌ನಂಥ ಲೋಡ್‌ಗೆ, ಆ ಅಂಕಿ ಯಾವಾಗಲೂ ದೊಡ್ಡದಾಗಿರುತ್ತದೆ. ಅದನ್ನು ನೋಡಿ ತಂದರೆ ಮೋಟಾರ್‌ಗೆ ಚಿಕ್ಕ ಕಾಂಟ್ಯಾಕ್ಟರ್ ಹಾಕಿದಂತಾಗುತ್ತದೆ. ಮೋಟಾರ್ ಜಾಸ್ತಿ ಕರೆಂಟ್ ಎಳೆದರೆ ಅದನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ ಬದಲಿಸುವವರು ಮೋಟಾರ್‌ನ ಫುಲ್ ಲೋಡ್ ಕರೆಂಟ್ ಅದರ ಡಯಲ್ ಒಳಗೆ ಬರುತ್ತದಾ ನೋಡಿ. ಮೋಟಾರನ್ನು ಮೊದಲು ಸ್ಟಾರ್, ಆಮೇಲೆ ಡೆಲ್ಟಾ ಜೋಡಣೆಯಲ್ಲಿ ಓಡಿಸುವ ಸ್ಟಾರ್ ಡೆಲ್ಟಾದಲ್ಲಿ ರಿಲೇ ವೈಂಡಿಂಗ್ ದಾರಿಯಲ್ಲಿ ಕೂತಿದ್ದರೆ ಫುಲ್ ಲೋಡ್ ಕರೆಂಟ್‌ನ 0.58 ಪಾಲಿಗೆ ಸೆಟ್ ಮಾಡಬೇಕು. ಪೂರ್ತಿ ಅಂಕಿಗೆ ಇಟ್ಟರೆ ಮೋಟಾರ್ ಸುಟ್ಟರೂ ರಿಲೇ ಟ್ರಿಪ್ ಆಗುವುದಿಲ್ಲ.

ಸ್ಕ್ರೂಡ್ರೈವರ್ ವಿಷಯ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನಾನು ತಪ್ಪಿದ್ದು ಇಲ್ಲೇ. ನಾವು ಸುಮ್ನೆ "ಸ್ಟಾರ್" ಅಂತ ಕರೆಯುವ ಸ್ಕ್ರೂಡ್ರೈವರ್‌ನಲ್ಲಿ ಎರಡು ಜಾತಿ. ಫಿಲಿಪ್ಸ್ ಒಂದು, ಪೋಝಿಡ್ರಿವ್ ಇನ್ನೊಂದು. ಫಿಲಿಪ್ಸ್‌ನ ಗೋಡೆಗಳು ಇಳಿಜಾರು, ಜೋರಾಗಿ ತಿರುಗಿಸಿದರೆ ತುದಿ ಮೇಲೆ ಜಾರುತ್ತದೆ. ಪೋಝಿಡ್ರಿವ್‌ನದು ನೆಟ್ಟಗೆ, ಸ್ಕ್ರೂ ತಲೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಸ್ಕ್ರೂ ತಲೆಯಲ್ಲಿ ದೊಡ್ಡ ಕೂಡುಗೆರೆಯ ನಡುವೆ ಮೂಲೆಮೂಲೆಗೆ ನಾಲ್ಕು ಸಣ್ಣ ಗೀರು ಕಂಡರೆ ಅದು ಪೋಝಿಡ್ರಿವ್. ಕಾಂಟ್ಯಾಕ್ಟರ್ ಮತ್ತು ಎಂಸಿಬಿಗಳ ಟರ್ಮಿನಲ್‌ಗಳಲ್ಲಿ ಪಿಝಡ್2, ಅಂದರೆ ಪೋಝಿಡ್ರಿವ್ 2ನೇ ನಂಬರ್ ಅಳತೆ ತುಂಬಾ ಸಾಮಾನ್ಯ. ಅದಕ್ಕೆ ಫಿಲಿಪ್ಸ್‌ನ ಪಿಹೆಚ್2 ಹಾಕಿ ತಿರುಗಿಸಿದರೆ, ತುದಿ ಜಾರುವುದನ್ನೇ ನಾವು "ಬಿಗಿಯಾಯಿತು" ಅಂದುಕೊಳ್ಳುತ್ತೇವೆ. ಸ್ಕ್ರೂ ತಲೆಯೂ ಸವೆಯುತ್ತದೆ, ಮುಂದಿನ ಸಲ ಬಿಚ್ಚುವವನಿಗೆ ಗೋಳು.

ಕೆಲವು ಸ್ಕ್ರೂಗಳಲ್ಲಿ ಚಪ್ಪಟೆ ಗೀರೂ ಸ್ಟಾರೂ ಕೂಡಿರುತ್ತವೆ. ಅವಕ್ಕೆ ಪ್ಲಸ್ ಮೈನಸ್ ತುದಿ ಅಂತಲೇ ಬೇರೆ ಸ್ಕ್ರೂಡ್ರೈವರ್ ಬರುತ್ತದೆ. ಒಂದು ಇಟ್ಟುಕೊಳ್ಳಿ, ಒಮ್ಮೆ ಬಳಸಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಹಿಡಿಯ ಮೇಲೆ ಎರಡು ತ್ರಿಕೋನದ ಗುರುತು ಮತ್ತು 1000 ವೋಲ್ಟ್ ಅಂತ ಇರುವ ಇನ್ಸುಲೇಟೆಡ್ ಟೂಲ್ಸ್ ಆರಿಸಿ, ಐಇಸಿ 60900 ಅನ್ನುವ ಸ್ಟ್ಯಾಂಡರ್ಡ್ ಪ್ರಕಾರ ಮಾಡಿದವು ಅವು. ಮಾಮೂಲಿ ಸ್ಕ್ರೂಡ್ರೈವರ್‌ಗೆ ಟೇಪ್ ಸುತ್ತಿದರೆ ಅದು ಇನ್ಸುಲೇಟೆಡ್ ಆಗುವುದಿಲ್ಲ. ಸಿಪ್ಪೆ ಸೀಳಿದ ಟೂಲ್ ಬ್ಯಾಗ್‌ನಿಂದ ಆಚೆ ಹಾಕಿ.

ಇನ್ನು ಟಾರ್ಕ್ ಸ್ಕ್ರೂಡ್ರೈವರ್. ಒಂದೇ ಒಂದು ಹೊಸ ಟೂಲ್ ಕೊಳ್ಳಲು ಸಾಧ್ಯ ಅಂದರೆ ನಾನು ಹೇಳುವುದು ಇದನ್ನೇ. ಪ್ರತಿ ಕಾಂಟ್ಯಾಕ್ಟರ್‌ನ ಪಕ್ಕದಲ್ಲಿ ಅಥವಾ ಜೊತೆಯ ಹಾಳೆಯಲ್ಲಿ ಇಷ್ಟು ನ್ಯೂಟನ್ ಮೀಟರ್ ಅಂತ ಬರೆದಿರುತ್ತದೆ, ಸಣ್ಣವುಗಳಲ್ಲಿ ಸಾಮಾನ್ಯವಾಗಿ 1ರಿಂದ 2ರ ಆಸುಪಾಸು. ಅದನ್ನು ಸೆಟ್ ಮಾಡಿ ತಿರುಗಿಸಿದರೆ ಆ ಬಿಗಿಗೆ ಟಕ್ ಅನ್ನುತ್ತದೆ, ಅಲ್ಲಿಗೆ ನಿಲ್ಲಿಸಿ. ಸಡಿಲ ಇದ್ದರೆ ಅಲ್ಲಿ ರೆಸಿಸ್ಟೆನ್ಸ್ ಜಾಸ್ತಿ, ಬಿಸಿ ಜಾಸ್ತಿ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ, ಬಿಸಿಯಾದಷ್ಟೂ ಜಾಯಿಂಟ್ ಇನ್ನಷ್ಟು ಕೆಡುತ್ತದೆ. ಹಾಗಂತ ಮೈಮೇಲೆ ಬಿದ್ದು ತಿರುಗಿಸಿದರೆ ಥ್ರೆಡ್ ಹೋಗುತ್ತದೆ, ವೈರ್‌ನ ಎಳೆಗಳು ತುಂಡಾಗುತ್ತವೆ. ಬೋಲ್ಟ್ ಇರುವ ದೊಡ್ಡ ಕಾಂಟ್ಯಾಕ್ಟರ್‌ಗೆ ಟಾರ್ಕ್ ರೆಂಚ್ ಬೇಕು. ಬ್ಯಾಟರಿ ಡ್ರೈವರ್ ಬಿಚ್ಚುವುದಕ್ಕೆ ಸರಿ, ಕೊನೆಯ ಬಿಗಿ ಮಾತ್ರ ಕೈಯಲ್ಲೇ ಆಗಲಿ.

ವೈರ್ ತುದಿ ಸರಿ ಮಾಡಿ

ಸುಟ್ಟ ತುದಿಯನ್ನು ಹಾಗೇ ಹೊಸ ಟರ್ಮಿನಲ್‌ಗೆ ತುರುಕಬೇಡಿ. ತಾಮ್ರ ಹೊಳೆಯುವವರೆಗೆ ಹಿಂದಕ್ಕೆ ಕತ್ತರಿಸಿ. ವೈರ್ ಗಿಡ್ಡವಾದರೆ ಎಳೆದು ಹಾಕಬೇಡಿ, ಆ ವೈರ್ ಪೂರ್ತಿ ಬದಲಿಸಿ. ಸಿಪ್ಪೆ ತೆಗೆಯಲು ವೈರ್ ಸ್ಟ್ರಿಪ್ಪರ್ ಬಳಸಿ. ಬ್ಲೇಡ್, ಕಟಿಂಗ್ ಪ್ಲೈಯರ್, ಹಲ್ಲು, ಮೂರೂ ಬೇಡ. ಎರಡು ಎಳೆ ಕತ್ತರಿಸಿ ಹೋದರೂ ಉಳಿದ ಎಳೆಗಳ ಮೇಲೆ ಭಾರ.

ಎಳೆಎಳೆಯ ವೈರ್‌ಗೆ ಎಂಡ್ ಸ್ಲೀವ್, ಅಂದರೆ ತುದಿಯ ಲೋಹದ ಕೊಳವೆ ಹಾಕಿ, ಅದಕ್ಕೆಂದೇ ಇರುವ ಕ್ರಿಂಪಿಂಗ್ ಟೂಲ್‌ನಿಂದ ಒತ್ತಿ. ರ‍್ಯಾಚೆಟ್ ಇರುವ ಟೂಲ್ ಪೂರ್ತಿ ಒತ್ತುವವರೆಗೆ ಬಾಯಿ ಬಿಡುವುದಿಲ್ಲ, ಅದೇ ಅದರ ಗುಣ. ಪ್ಲೈಯರ್‌ನಲ್ಲಿ ಅದುಮಿದ ಸ್ಲೀವ್ ಎಳೆದರೆ ಕೈಗೆ ಬರುತ್ತದೆ. ಸ್ಲೀವ್‌ನ ಬಣ್ಣಕ್ಕೆ ಅಳತೆ ಇದೆ. ಡಿಐಎನ್ ಬಣ್ಣಗಳ ಪ್ರಕಾರ 1.5 ಚದರ ಮಿಲಿಮೀಟರ್‌ಗೆ ಕಪ್ಪು, 2.5ಕ್ಕೆ ನೀಲಿ, 4ಕ್ಕೆ ಬೂದು, 6ಕ್ಕೆ ಹಳದಿ. ಒಂದು ಟರ್ಮಿನಲ್‌ಗೆ ಎರಡು ವೈರ್ ಹೋಗಬೇಕಾದರೆ ಜೋಡಿ ಸ್ಲೀವ್ ಸಿಗುತ್ತದೆ. ದಪ್ಪ ಕೇಬಲ್‌ಗೆ ಲಗ್ ಮತ್ತು ಅದರ ಅಳತೆಯದೇ ಡೈ ಇರುವ ಹೈಡ್ರಾಲಿಕ್ ಕ್ರಿಂಪರ್ ಬೇಕು.

ಎಳೆಗಳು ಚದುರಬಾರದು ಅಂತ ತುದಿಗೆ ಸೀಸದ ಬೆಸುಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಬೆಸುಗೆ ಮೆದು ಲೋಹ, ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗುತ್ತಾ ಹೋಗುತ್ತದೆ, ಕೆಲವು ತಿಂಗಳಲ್ಲಿ ಟರ್ಮಿನಲ್ ತಾನಾಗಿ ಸಡಿಲ.

ತೆಗೆಯುವುದು, ಕೂರಿಸುವುದು

ಸಣ್ಣ ಕಾಂಟ್ಯಾಕ್ಟರ್‌ಗಳು 35 ಮಿಲಿಮೀಟರ್ ಅಗಲದ ಲೋಹದ ಪಟ್ಟಿ, ಡಿನ್ ರೈಲ್ ಮೇಲೆ ಕೂತಿರುತ್ತವೆ. ಕ್ಲಿಪ್ ಎಳೆಯಲು ಉದ್ದನೆಯ ಚಪ್ಪಟೆ ಸ್ಕ್ರೂಡ್ರೈವರ್ ಸಾಕು. ಅದಕ್ಕೂ ಮೊದಲು ಕೆಳಗಿನ ಸಾಲಿನ ಸಾಮಾನುಗಳ ಮೇಲೆ ಒಂದು ರಟ್ಟು ಅಥವಾ ಬಟ್ಟೆ ಹಾಸಿ. ಬಿದ್ದ ಒಂದು ಸ್ಕ್ರೂ, ಒಂದು ತಾಮ್ರದ ಎಳೆ ಡ್ರೈವ್‌ನ ಗಾಳಿಕಿಂಡಿಯಲ್ಲಿ ಸೇರಿದರೆ ಆ ಡ್ರೈವ್ ಕಥೆ ಮುಗಿದಂತೆ. ಧೂಳನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ. ಬ್ಲೋವರ್ ಹಿಡಿದರೆ ಅದು ಪಕ್ಕದ ಕಾಂಟ್ಯಾಕ್ಟ್‌ಗಳ ಒಳಗೆ ಹೋಗಿ ಕೂರುತ್ತದೆ. ಡ್ರೈವ್‌ನ ಕಾರ್ಡ್ ಬದಲಿಸುವುದಿದ್ದರೆ ಮಣಿಕಟ್ಟಿಗೆ ಆ್ಯಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಳ್ಳಿ.

ದೊಡ್ಡ ಕಾಂಟ್ಯಾಕ್ಟರ್‌ನಲ್ಲಿ ಕಾಂಟ್ಯಾಕ್ಟ್ ಕಿಟ್ ಮಾತ್ರ ಬದಲಿಸಬಹುದು. ಮೂರೂ ಫೇಸ್‌ನದ್ದನ್ನು ಒಟ್ಟಿಗೇ ಬದಲಿಸಿ, ಕಿಟ್‌ನಲ್ಲಿ ಸ್ಪ್ರಿಂಗ್ ಬಂದಿದ್ದರೆ ಅದನ್ನೂ. ಕಪ್ಪಾಗಿದೆ ಅಂತ ಅರ ಹಿಡಿದು ಉಜ್ಜಬೇಡಿ. ಬೆಳ್ಳಿ ಮಿಶ್ರಲೋಹದ ಮೇಲಿನ ಆ ಕಪ್ಪು ಪದರ ಕರೆಂಟ್ ಹರಿಯಲು ಅಡ್ಡಿ ಮಾಡುವುದಿಲ್ಲ. ಉಜ್ಜಿದರೆ ಹೋಗುವುದು ಬೆಳ್ಳಿ.

ಬಾಗಿಲು ಹಾಕುವ ಮುಂಚೆ

ಪ್ರತಿ ವೈರನ್ನೂ ಒಮ್ಮೆ ಎಳೆದು ನೋಡಿ. ಕಾಂಟ್ಯಾಕ್ಟರ್‌ನ ಮುಂಭಾಗ ಒತ್ತುವಂತಿದ್ದರೆ ಕೈಯಲ್ಲಿ ಒತ್ತಿ ಹಿಡಿದು ಮೂರೂ ಫೇಸ್‌ನ ಕಂಟಿನ್ಯೂಟಿ ನೋಡಿ, ಬಿಟ್ಟಾಗ ಓಪನ್ ಆಗುತ್ತದಾ ಅದನ್ನೂ ನೋಡಿ. ಮೋಟಾರ್ ಮತ್ತು ಕೇಬಲ್‌ಗೆ 500 ವೋಲ್ಟ್ ಮೆಗ್ಗರ್, ಅಂದರೆ ಇನ್ಸುಲೇಶನ್ ಅಳೆಯುವ ಮೀಟರ್ ಹಾಕಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಚಾಲೂ ಮಾಡಬೇಡಿ. ಡ್ರೈವ್ ಇದ್ದರೆ ಮೆಗ್ಗರ್ ಮುಟ್ಟಿಸುವ ಮೊದಲು ಕೇಬಲನ್ನು ಡ್ರೈವ್‌ನಿಂದ ಬಿಚ್ಚಲೇಬೇಕು, ಇಲ್ಲದಿದ್ದರೆ ಅದರ ಟ್ರಾನ್ಸಿಸ್ಟರ್‌ಗಳು ಹೋಗುತ್ತವೆ. ಬ್ಯಾಗ್‌ನಲ್ಲಿ ಎಷ್ಟು ಟೂಲ್ ಇದ್ದವು, ಈಗ ಎಷ್ಟಿವೆ ಎಣಿಸಿ. ಆಮೇಲಷ್ಟೇ ಬೀಗ ತೆಗೆಯುವುದು.

ಸಾಧ್ಯವಿದ್ದರೆ ಮೊದಲು ಕಂಟ್ರೋಲ್ ಸಪ್ಲೈ ಮಾತ್ರ ಕೊಟ್ಟು ಕಾಂಟ್ಯಾಕ್ಟರ್ ಗಟ್ಟಿಯಾಗಿ ಎಳೆದುಕೊಳ್ಳುತ್ತದಾ ಕೇಳಿ. ಪವರ್ ಕೊಟ್ಟ ಮೇಲೆ ಒಂದು ಕ್ಷಣ ಸ್ಟಾರ್ಟ್ ಮಾಡಿ ನಿಲ್ಲಿಸಿ, ತಿರುಗುವ ದಿಕ್ಕು ಸರಿ ಇದೆಯಾ ನೋಡಿ. ಉಲ್ಟಾ ಇದ್ದರೆ ಮತ್ತೆ ಬೀಗ ಹಾಕಿ, ಎರಡು ಫೇಸ್ ಅದಲು ಬದಲು ಮಾಡಿ. ಲೋಡ್ ಬಂದ ಮೇಲೆ ಕ್ಲ್ಯಾಂಪ್ ಮೀಟರ್‌ನಲ್ಲಿ ಮೂರೂ ಫೇಸ್ ಅಳೆದು ಮೋಟಾರ್ ಪ್ಲೇಟ್ ಜೊತೆ ಹೋಲಿಸಿ. ಒಂದು ಗಂಟೆ ಓಡಿದ ಮೇಲೆ ಥರ್ಮಲ್ ಕ್ಯಾಮೆರಾದಲ್ಲಿ ನೋಡಿ. ಹೊಳೆಯುವ ಲೋಹದ ಮೇಲೆ ಗುರಿಯಿಟ್ಟರೆ ಬಿಸಿ ಕಡಿಮೆ ತೋರಿಸುತ್ತದೆ, ಟರ್ಮಿನಲ್ ಪಕ್ಕದ ವೈರ್ ಸಿಪ್ಪೆಯ ಮೇಲೆ ಹಿಡಿಯಿರಿ. ಲೋಡ್ ಒಂದೇ ಇದ್ದೂ ಒಂದು ಫೇಸ್ ಮಾತ್ರ ಬಿಸಿ ಇದ್ದರೆ ಆ ಸ್ಕ್ರೂ ಇನ್ನೊಮ್ಮೆ ನೋಡಬೇಕು. ಬಾಗಿಲು ತೆಗೆದು ನೋಡುವ ಈ ಹಂತಕ್ಕೆ ಮುಖದ ಶೀಲ್ಡ್ ಮತ್ತು ಗ್ಲೌಸ್ ಬೇಕೇ ಬೇಕು.

ಹಳೆಯ ಕಾಂಟ್ಯಾಕ್ಟರನ್ನು ಎಸೆಯುವ ಮೊದಲು ಬಿಚ್ಚಿ ನೋಡಿ. ಕಾಂಟ್ಯಾಕ್ಟ್ ಬೆಸೆದುಕೊಂಡಿದ್ದರೆ ಎಲ್ಲೋ ಶಾರ್ಟ್ ಆಗಿದೆ, ಅಥವಾ ಕಾಯಿಲ್ ವೋಲ್ಟೇಜ್ ಬಿದ್ದು ಅದು ಪಟಪಟ ಬಡಿದುಕೊಂಡಿದೆ. ಎಸಿ ಕಾಯಿಲ್ ಸುಟ್ಟಿದ್ದರೆ ಧೂಳು ಸಿಕ್ಕಿ ಆರ್ಮೇಚರ್, ಅಂದರೆ ಕಾಯಿಲ್ ಎಳೆಯುವ ಕಬ್ಬಿಣದ ತುಂಡು ಪೂರ್ತಿ ಮುಚ್ಚಿರಲಿಕ್ಕಿಲ್ಲ, ಮುಚ್ಚದಿದ್ದರೆ ಕಾಯಿಲ್ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಸುಟ್ಟಿದ್ದು ಟರ್ಮಿನಲ್ ಮಾತ್ರ ಆದರೆ ಕಾರಣ ನಿಮಗೀಗ ಗೊತ್ತು. ಕಂಡದ್ದನ್ನು, ತಾರೀಕನ್ನು, ಎಷ್ಟು ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿದಿರಿ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು, ಬಾಗಿಲ ಒಳಗಿನ ಡ್ರಾಯಿಂಗ್ ಜೇಬಿನಲ್ಲಿ ಇಟ್ಟು ಪ್ಯಾನೆಲ್ ಮುಚ್ಚಿ.