ವಿಮಾನ ಹತ್ತದೆ ವಾಪಸ್ ಬರುವುದು ಹೇಗೆ?

ಕೆಂಪೇಗೌಡ ವಿಮಾನ ನಿಲ್ದಾಣ ಹೆಸರಿಗೆ ಬೆಂಗಳೂರಿನದು. ಆದರೆ ಜಯನಗರದವರಿಗಿಂತ ಚಿಕ್ಕಬಳ್ಳಾಪುರದವರಿಗೇ ಅದು ಹತ್ತಿರ. ಹಾಗಾಗಿ ನಮ್ಮ ಕಡೆ ಒಬ್ಬರು ದುಬೈಗೋ ದೆಹಲಿಗೋ ಹೊರಟರೆ ಬಿಟ್ಟು ಬರಲು ಅರ್ಧ ಮನೆಯೇ ಗಾಡಿ ಹತ್ತುತ್ತದೆ. ಬಿಟ್ಟು ಹೊರಟವರು ಇನ್ನೂ ನಂದಿ ಕ್ರಾಸ್ ದಾಟಿರುವುದಿಲ್ಲ, ಅಷ್ಟರಲ್ಲಿ ಒಳಗಿದ್ದವರಿಗೆ ಊರಿಂದ ಫೋನ್: ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದೇವೆ, ಹೋಗಬೇಡ, ಬಂದುಬಿಡು. ಕೆಲವೊಮ್ಮೆ ಕಾರಣ ಇಷ್ಟು ದೊಡ್ಡದಿರುವುದಿಲ್ಲ. ಹೋಗಬೇಕಿದ್ದ ಕೆಲಸವೇ ರದ್ದಾಗಿರುತ್ತದೆ. ಇಲ್ಲವೇ ಗೇಟಿನ ಮುಂದೆ ಕೂತಾಗ ಎದೆ ಡವಡವ ಅಂದು, ಇವತ್ತು ಬೇಡಪ್ಪ ಅನಿಸಿರುತ್ತದೆ.

ಹೊರಗೆ ಬರಬಹುದಾ? ಖಂಡಿತ ಬರಬಹುದು. ಟಿಕೆಟ್ ತೆಗೆದುಕೊಂಡ ಮಾತ್ರಕ್ಕೆ ವಿಮಾನ ಹತ್ತಲೇಬೇಕು ಎಂಬ ಕಾನೂನಿಲ್ಲ. ಆದರೆ ಬಸ್‌ಸ್ಟ್ಯಾಂಡಿನಿಂದ ಎದ್ದು ಬಂದ ಹಾಗೆ ಸುಮ್ನೆ ಎದ್ದು ಬರಲು ಆಗುವುದಿಲ್ಲ. ಒಳಗೆ ಹೋದವರು ಒಂದೋ ವಿಮಾನ ಹತ್ತಬೇಕು, ಇಲ್ಲವೇ ಲೆಕ್ಕ ಕೊಟ್ಟು ಹೊರಬರಬೇಕು.

ಮೊದಲು ಯಾರಿಗೆ ಹೇಳಬೇಕು?

ಹೆಚ್ಚಿನವರು ನೇರವಾಗಿ ಬಾಗಿಲ ಬಳಿ ಬಂದೂಕು ಹಿಡಿದು ನಿಂತ ಸಿಐಎಸ್‌ಎಫ್ ಸಿಬ್ಬಂದಿಯ ಹತ್ತಿರ ಹೋಗುತ್ತಾರೆ. ಅವರು "ಏರ್‌ಲೈನ್‌ನವರನ್ನು ಕರೆದುಕೊಂಡು ಬನ್ನಿ" ಎಂದು ವಾಪಸ್ ಕಳಿಸುತ್ತಾರೆ. ಅದು ಒರಟುತನವಲ್ಲ. ನೀವು ಪ್ರಯಾಣ ಬಿಟ್ಟಿದ್ದೀರಿ ಎಂದು ಖಚಿತಪಡಿಸಬೇಕಾದದ್ದು ವಿಮಾನ ಕಂಪನಿ. ಅದಾದ ಮೇಲಷ್ಟೇ ಇವರು ದಾರಿ ಬಿಡುವುದು.

ಆದ್ದರಿಂದ ಮೊದಲ ಹೆಜ್ಜೆ ಕಂಪನಿಯ ಸಿಬ್ಬಂದಿಯ ಕಡೆಗೆ. ಸೆಕ್ಯುರಿಟಿ ಚೆಕ್‌ಗೆ ಮುಂಚೆ ಇದ್ದರೆ ಚೆಕ್-ಇನ್ ಕೌಂಟರ್‌ಗೆ ಹೋಗಿ, ದಾಟಿದ್ದರೆ ನಿಮ್ಮ ಬೋರ್ಡಿಂಗ್ ಗೇಟ್‌ಗೆ ಹೋಗಿ. ಕಥೆಯೆಲ್ಲ ಹೇಳುತ್ತಾ ಕೂರಬೇಡಿ. "ಮೇಡಂ, ನಾನು ಈ ಫ್ಲೈಟ್‌ಗೆ ಹೋಗುತ್ತಿಲ್ಲ. ನನ್ನನ್ನು ಆಫ್‌ಲೋಡ್ ಮಾಡಿ. ಒಂದು ಬ್ಯಾಗ್ ಕೊಟ್ಟಿದ್ದೇನೆ." ಇಷ್ಟು ಸಾಕು. ಆಫ್‌ಲೋಡ್ ಅಂದರೆ ಆ ವಿಮಾನದ ಪ್ರಯಾಣಿಕರ ಪಟ್ಟಿಯಿಂದ ನಿಮ್ಮನ್ನು ತೆಗೆಯುವುದು. ಆ ಮಾತು ಕೇಳಿದ ಕೂಡಲೇ ಅವರಿಗೆ ಮುಂದಿನದೆಲ್ಲ ಗೊತ್ತಾಗುತ್ತದೆ. ಕಾರಣ ಕೇಳುತ್ತಾರೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬೇಗ ಬಿಡಲಿ ಎಂದು ಏನೋ ಒಂದು ಕಥೆ ಕಟ್ಟಿದರೆ ಪ್ರಶ್ನೆಗಳು ಜಾಸ್ತಿಯಾಗುತ್ತವೆ. ಬಾಂಬು ಗೀಂಬು ಅಂತ ತಮಾಷೆಯಂತೂ ಬೇಡವೇ ಬೇಡ. ಆಗ ಮನೆಗಲ್ಲ, ಪೊಲೀಸ್ ಠಾಣೆಗೆ ಹೋಗಬೇಕಾಗುತ್ತದೆ.

ಹೇಳುವುದನ್ನು ಬೇಗ ಹೇಳಿ. ಸಾಮಾನ್ಯವಾಗಿ ದೇಶದೊಳಗಿನ ವಿಮಾನಕ್ಕೆ ಹೊರಡುವ ಸುಮಾರು 25 ನಿಮಿಷ ಮೊದಲೇ ಗೇಟ್ ಮುಚ್ಚುತ್ತಾರೆ. ಅದಕ್ಕೂ ಮುಂಚೆ ತಿಳಿಸಿದರೆ ಎಲ್ಲರಿಗೂ ಸಲೀಸು.

ಎಲ್ಲಿದ್ದೀರಿ ಎನ್ನುವುದರ ಮೇಲೆ ಕೆಲಸ

ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ಕಟ್ಟಿದ ಮಾಲೆ ಬಿಚ್ಚುವುದನ್ನು ನೋಡಿದ್ದೀರಲ್ವಾ? ಕೊನೆಯ ಗಂಟು ಮೊದಲು ಬಿಚ್ಚಬೇಕು. ಇಲ್ಲಿಯೂ ಹಾಗೆಯೇ. ಎಷ್ಟು ಗಂಟು ದಾಟಿ ಒಳಗೆ ಹೋಗಿದ್ದೀರೋ, ಅಷ್ಟನ್ನೂ ಹಿಂದಿನಿಂದ ಬಿಚ್ಚಿಕೊಂಡು ಬರಬೇಕು.

ಮನೆಯಲ್ಲೇ ವೆಬ್ ಚೆಕ್-ಇನ್ ಮಾಡಿ, ಇನ್ನೂ ಟರ್ಮಿನಲ್ ಒಳಗೆ ಕಾಲಿಡದಿದ್ದರೆ ಬಿಚ್ಚಲು ಗಂಟೇ ಇಲ್ಲ. ಟಿಕೆಟ್ ರದ್ದು ಮಾಡಿದರಾಯಿತು. ಕೆಲವು ಕಂಪನಿಗಳಲ್ಲಿ ಮೊದಲು ಚೆಕ್-ಇನ್ ರದ್ದು ಮಾಡಬೇಕು, ಆಮೇಲೆ ಟಿಕೆಟ್.

ಒಳಗೆ ಹೋಗಿದ್ದೀರಿ, ಲಗೇಜ್ ಕೊಟ್ಟಿಲ್ಲ, ಸೆಕ್ಯುರಿಟಿಯೂ ಆಗಿಲ್ಲ ಎಂದರೆ ಸುಲಭ. ಕೌಂಟರ್‌ನವರು ನಿಮ್ಮ ಹೆಸರು ತೆಗೆದು, ಬಾಗಿಲವರೆಗೆ ಒಬ್ಬರನ್ನು ಜೊತೆಗೆ ಕಳಿಸುತ್ತಾರೆ. ಬಾಗಿಲಲ್ಲಿ ವಿವರ ಬರೆದುಕೊಂಡು ಬಿಡುತ್ತಾರೆ. ಮುಖ ತೋರಿಸಿ ಡಿಜಿಯಾತ್ರಾ ಗೇಟಿನಿಂದ ಒಳಗೆ ಬಂದವರಿಗೂ ಇದೇ ದಾರಿ. ಆ ಗೇಟು ಒಳಗೆ ಬಿಡುವುದಕ್ಕಷ್ಟೇ, ಮತ್ತೆ ಮುಖ ತೋರಿಸಿದರೆ ಹೊರಕ್ಕೆ ತೆರೆಯುವುದಿಲ್ಲ.

ಸೆಕ್ಯುರಿಟಿ ದಾಟಿದ ಮೇಲೆ ಒಬ್ಬರೇ ಹಿಂದಕ್ಕೆ ನಡೆಯುವ ಹಾಗಿಲ್ಲ. ಗೇಟಿನ ಸಿಬ್ಬಂದಿ ಬೋರ್ಡಿಂಗ್ ಪಾಸ್ ರದ್ದು ಮಾಡಿ, ಸಿಐಎಸ್‌ಎಫ್‌ಗೆ ತಿಳಿಸಿ, ತಾವೇ ಕರೆದುಕೊಂಡು ಬರುತ್ತಾರೆ. ಹತ್ತಾರು ಜನರನ್ನು ವಿಮಾನ ಹತ್ತಿಸುವ ಗಡಿಬಿಡಿಯಲ್ಲಿ ಅವರಿರುವಾಗ ಸ್ವಲ್ಪ ಕಾಯಬೇಕಾದೀತು. ತಪಾಸಣೆಯಲ್ಲಿ ತೆಗೆದು ಡಬ್ಬಿಗೆ ಹಾಕಿದ ಲೈಟರು, ಚಾಕುಗಳನ್ನು ಮರೆತುಬಿಡಿ.

ಲಗೇಜ್ ಕೊಟ್ಟಿದ್ದರೆ

ನಿಜವಾದ ಕಗ್ಗಂಟು ಇದೇ. ನೀವು ಹೋಗದಿದ್ದರೆ ನಿಮ್ಮ ಬ್ಯಾಗೂ ಹೋಗುವಂತಿಲ್ಲ. ಇದರ ಹಿಂದೆ ದೊಡ್ಡ ದುರಂತವಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ವಿಮಾನ ಐರ್ಲೆಂಡ್ ಸಮುದ್ರತೀರದ ಆಚೆ ಆಕಾಶದಲ್ಲೇ ಸಿಡಿದು 329 ಜನ ಸತ್ತರು. ಬಾಂಬು ಇದ್ದದ್ದು ಕೆನಡಾದ ವ್ಯಾಂಕೂವರ್‌ನಲ್ಲಿ ಕೊಟ್ಟ ಒಂದು ಸೂಟ್‌ಕೇಸಿನಲ್ಲಿ. ಅದನ್ನು ಕೊಟ್ಟ ಪ್ರಯಾಣಿಕ ವಿಮಾನ ಹತ್ತಲೇ ಇಲ್ಲ, ಸೂಟ್‌ಕೇಸ್ ಮಾತ್ರ ಹೋಯಿತು. ಅದೇ ದಿನ ಜಪಾನಿನ ನರಿಟಾ ವಿಮಾನ ನಿಲ್ದಾಣದಲ್ಲಿ ಇನ್ನೊಂದು ಸೂಟ್‌ಕೇಸ್ ಸಿಡಿದು ಲಗೇಜ್ ಸಾಗಿಸುತ್ತಿದ್ದ ಇಬ್ಬರು ಸತ್ತರು. ಆಮೇಲಿಂದ ಬ್ಯಾಗಿಗೂ ಅದರ ಯಜಮಾನನಿಗೂ ತಾಳೆ ನೋಡುವ ನಿಯಮ ಬಿಗಿಯಾಯಿತು.

ಹಾಗಾಗಿ ನೀವು ಹೇಳದೆ ಎಲ್ಲೋ ಮೂಲೆಯಲ್ಲಿ ಕೂತುಬಿಟ್ಟರೆ ಮೊದಲು ನಿಮ್ಮ ಹೆಸರು ಕೂಗುತ್ತಾರೆ, ಹುಡುಕುತ್ತಾರೆ. ಸಿಗದಿದ್ದರೆ ವಿಮಾನದ ಹೊಟ್ಟೆಯಿಂದ ನಿಮ್ಮ ಬ್ಯಾಗ್ ಹುಡುಕಿ ಇಳಿಸಿದ ಮೇಲೆಯೇ ಹೊರಡುವುದು. ಅಷ್ಟೂ ಹೊತ್ತು ಒಳಗೆ ಕೂತವರು ಬೆವರುತ್ತಿರುತ್ತಾರೆ.

ಲಗೇಜ್ ಕೊಟ್ಟಾಗ ಬೋರ್ಡಿಂಗ್ ಪಾಸಿನ ಹಿಂದೆ ಒಂದು ಪುಟ್ಟ ಸ್ಟಿಕ್ಕರ್ ಅಂಟಿಸುತ್ತಾರಲ್ಲ, ಬಾರ್‌ಕೋಡ್ ಇರುವುದು, ಅದರಲ್ಲಿ ಹತ್ತು ಅಂಕಿಯ ಸಂಖ್ಯೆ ಇರುತ್ತದೆ. ಬ್ಯಾಗಿನ ಹಿಡಿಗೆ ಸುತ್ತಿದ ಪಟ್ಟಿಯಲ್ಲೂ ಅದೇ ಸಂಖ್ಯೆ. ನೂರಾರು ಬ್ಯಾಗಿನ ನಡುವೆ ನಿಮ್ಮದನ್ನು ಹುಡುಕುವುದು ಅದರಿಂದಲೇ. ಪಾಸ್ ವಾಪಸ್ ಕೊಡುವ ಮುಂಚೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಬ್ಯಾಗ್ ಕೈಗೆ ಬರಲು ಅರ್ಧ ಗಂಟೆಯೂ ಆಗಬಹುದು, ಇನ್ನೂ ಜಾಸ್ತಿಯೂ ಆಗಬಹುದು. ಎಲ್ಲಿ ತಂದು ಕೊಡುತ್ತೀರಿ ಎಂದು ಆಗಲೇ ಕೇಳಿಕೊಳ್ಳಿ.

ಕುಟುಂಬದವರು ಎಡವುವ ಜಾಗ ಒಂದಿದೆ. ನಾಲ್ಕು ಜನರ ಲಗೇಜ್ ಎಷ್ಟೋ ಸಲ ಒಬ್ಬರ ಹೆಸರಿನಲ್ಲೇ ಹೋಗಿರುತ್ತದೆ. ಅಪ್ಪ ಉಳಿದು ಮಿಕ್ಕವರು ಹೋಗುತ್ತಾರೆ ಅಂದುಕೊಳ್ಳಿ. ಬ್ಯಾಗುಗಳೆಲ್ಲ ಅಪ್ಪನ ಹೆಸರಲ್ಲಿದ್ದರೆ ಮಗಳ ಬಟ್ಟೆ, ಅಮ್ಮನ ಉಪ್ಪಿನಕಾಯಿ ಎಲ್ಲವೂ ಅಪ್ಪನ ಜೊತೆ ವಾಪಸ್ ಇಳಿಯುತ್ತವೆ. ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ, ಯಾವ ಬ್ಯಾಗ್ ಯಾರದು ಎಂದು ಮೊದಲೇ ಬಿಡಿಸಿ ಹೇಳಿ.

ವಿದೇಶಕ್ಕೆ ಹೊರಟಿದ್ದರೆ

ಇಮಿಗ್ರೇಶನ್ ಆದ ಮೇಲೆ ಕಾಗದದ ಲೆಕ್ಕದಲ್ಲಿ ನೀವು ದೇಶ ಬಿಟ್ಟಿದ್ದೀರಿ. ಪಾಸ್‌ಪೋರ್ಟಿನ ಮೇಲೆ ನಿರ್ಗಮನದ ಮುದ್ರೆ ಬಿದ್ದಿದೆ. ಏರ್‌ಲೈನ್ ಸಿಬ್ಬಂದಿ ನಿಮ್ಮನ್ನು ಮತ್ತೆ ಇಮಿಗ್ರೇಶನ್ ಅಧಿಕಾರಿಗಳ ಬಳಿ ಕರೆದೊಯ್ದು ಅದನ್ನು ರದ್ದು ಮಾಡಿಸುತ್ತಾರೆ. ಮುದ್ರೆಯ ಮೇಲೆ ರದ್ದಾದ ಗುರುತು ಬಿದ್ದಿದೆಯೇ ಎಂದು ಅಲ್ಲೇ ಪುಟ ತೆರೆದು ನೋಡಿ. ಅಧಿಕಾರಿಯ ಬದಲು ಯಂತ್ರವೇ ಪರಿಶೀಲಿಸುವ ಇ-ಗೇಟ್ ಮೂಲಕ ದಾಟಿ ಮುದ್ರೆಯೇ ಬೀಳದಿದ್ದರೂ ಕಂಪ್ಯೂಟರ್‌ನಲ್ಲಿ ದಾಖಲೆ ಇದ್ದೇ ಇರುತ್ತದೆ, ಅದೂ ರದ್ದಾಗಬೇಕು. ಇಲ್ಲದಿದ್ದರೆ ಮುಂದಿನ ಸಲ ಹೊರಟಾಗ "ನೀವು ವಾಪಸ್ ಬಂದಿದ್ದು ಯಾವಾಗ?" ಎಂಬ ಪ್ರಶ್ನೆ ಎದುರಾಗುತ್ತದೆ. ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡ ಬಾಟಲಿ, ಚಾಕೊಲೇಟ್ ಹೊರಗೆ ತರುವಂತಿಲ್ಲ, ಅಂಗಡಿಗೆ ವಾಪಸ್ ಕೊಡಬೇಕು. ಬಿಲ್ ಎಸೆಯಬೇಡಿ.

ಸೀಟಿನಲ್ಲಿ ಕೂತ ಮೇಲೆ ಇಳಿಯುತ್ತೇನೆ ಅನ್ನುವುದು ಕೊನೆಯ ದಾರಿ. ಬಾಗಿಲು ಮುಚ್ಚುವ ಮುಂಚೆ ವಿಮಾನದ ಸಿಬ್ಬಂದಿಗೆ ಹೇಳಬೇಕು. ನಿಮ್ಮ ಬ್ಯಾಗ್ ಇಳಿಸುತ್ತಾರೆ, ನಿಮ್ಮ ಸೀಟಿನ ಸುತ್ತಮುತ್ತ ತಪಾಸಣೆ ಮಾಡುತ್ತಾರೆ, ವಿಮಾನ ತಡವಾಗುತ್ತದೆ. ಮೈ ಸರಿಯಿಲ್ಲದಿದ್ದರೆ ಮಾತ್ರ ಒಂದು ಕ್ಷಣವೂ ಸಂಕೋಚ ಬೇಡ. ಮೇಲೆ ಹೋದ ಮೇಲೆ ಎದೆನೋವು ಜಾಸ್ತಿಯಾಗುವುದಕ್ಕಿಂತ ಕೆಳಗೆ ಅರ್ಧ ಗಂಟೆ ತಡವಾಗುವುದು ಮೇಲು.

ದುಡ್ಡಿನ ಮಾತು

ಆ ಹೊತ್ತಿಗೆ ಆ್ಯಪ್‌ನಲ್ಲಿ ಟಿಕೆಟ್ ರದ್ದು ಮಾಡುವ ಸಮಯ ಮುಗಿದಿರುವುದೇ ಹೆಚ್ಚು. ಮೂಲ ದರ ಹೋಯಿತು ಅಂತಲೇ ಇಟ್ಟುಕೊಳ್ಳಿ. ಆದರೆ ಪೂರ್ತಿ ಹೋಗುವುದಿಲ್ಲ. ಪ್ರಯಾಣ ಮಾಡದಿದ್ದರೆ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕವನ್ನು ವಾಪಸ್ ಕೊಡಬೇಕು ಎಂದು ವಿಮಾನಯಾನದ ಮೇಲ್ವಿಚಾರಣೆ ನೋಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮವೇ ಇದೆ. 'ರೀಫಂಡ್ ಇಲ್ಲ' ಎಂದು ಬರೆದ ಅಗ್ಗದ ಟಿಕೆಟ್‌ಗೂ ಇದು ಅನ್ವಯಿಸುತ್ತದೆ. ಕೇಳದವರಿಗೆ ತಾನಾಗಿ ಬರುತ್ತದೆ ಎಂದು ನಂಬಬೇಡಿ, ಪಿಎನ್‌ಆರ್ ಹಾಕಿ ಕೇಳಿ.

ಹೋಗಿ ಬರುವ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿದ್ದರೆ, ಹೋಗುವುದು ತಪ್ಪಿದ ಕೂಡಲೇ ಬರುವುದೂ ರದ್ದಾಗುವ ಸಾಧ್ಯತೆ ಇದೆ. ಅದನ್ನು ಉಳಿಸಿಕೊಳ್ಳಬಹುದೇ ಎಂದು ಕೌಂಟರ್ ಬಿಡುವ ಮುಂಚೆಯೇ ವಿಚಾರಿಸಿ. ವಿಮಾನವೇ ಆರು ಗಂಟೆಗಿಂತ ಜಾಸ್ತಿ ತಡವಾಗಿ ನೀವು ಬೇಸತ್ತು ಹೊರಟಿದ್ದರೆ ಲೆಕ್ಕವೇ ಬೇರೆ. ಆಗ ಬೇರೆ ವಿಮಾನ ಅಥವಾ ಪೂರ್ತಿ ಹಣ ಕೇಳುವ ಹಕ್ಕು ನಿಮ್ಮದು.

ಇನ್ನು, ಮಗನನ್ನು ಗೇಟಿನವರೆಗೂ ಬಿಟ್ಟು ಬರೋಣ ಎಂದು ಒಂದು ಟಿಕೆಟ್ ಕೊಂಡು, ಆಮೇಲೆ ರದ್ದು ಮಾಡಿ ಹೊರಬರುವ ಉಪಾಯ ಕೆಲವರಿಗೆ ಹೊಳೆಯುತ್ತದೆ. ಬೇಡ. ಹೀಗೆ ಒಳಹೊಕ್ಕವರನ್ನು ದೇಶದ ನಾನಾ ವಿಮಾನ ನಿಲ್ದಾಣಗಳಲ್ಲಿ ಹಿಡಿದು ಪೊಲೀಸರಿಗೆ ಒಪ್ಪಿಸಿದ್ದಾರೆ. ಪ್ರೀತಿ ಬಾಗಿಲ ಹೊರಗಿನಿಂದಲೇ ಇರಲಿ.

ಹೊರಬಂದ ಮೇಲೆ ಊರಿಗೆ ಬಸ್ ಹಿಡಿಯುವವರು ಒಂದು ಗಮನಿಸಿ. ನಿಲ್ದಾಣದಿಂದ ಹೊರಡುವ ವಾಯು ವಜ್ರ ಬಸ್ಸುಗಳು ಬೆಂಗಳೂರಿನ ಕಡೆಗೆ. ಚಿಕ್ಕಬಳ್ಳಾಪುರ, ಬಾಗೇಪಲ್ಲಿ ಬಸ್ಸು ಬೇಕಿದ್ದರೆ ಟ್ಯಾಕ್ಸಿಯಲ್ಲಿ ದೇವನಹಳ್ಳಿಗೆ ಹೋಗಿ ಹಿಡಿಯುವುದು ಒಳ್ಳೆಯದು. ಬಿಟ್ಟು ಹೋದ ಗಾಡಿಯನ್ನೇ ವಾಪಸ್ ಕರೆಸುವುದಾದರೆ, ಬ್ಯಾಗ್ ಕೈಗೆ ಬಂದ ಮೇಲೆ ಬಾಗಿಲ ಬಳಿಗೆ ಬರಲು ಹೇಳಿ. ಅಲ್ಲಿಯವರೆಗೆ ದೇವನಹಳ್ಳಿಯಲ್ಲೇ ಕಾಫಿ ಕುಡಿಯುತ್ತಿರಲಿ, ಟರ್ಮಿನಲ್ ಮುಂದೆ ಗಾಡಿ ನಿಲ್ಲಿಸಿಕೊಂಡು ಕಾಯಲು ಬಿಡುವುದಿಲ್ಲ.