ಹಳೆ ಮನೆ ಕೊಳ್ಳುವ ಮುಂಚೆ ಅದರ ಪಾಯದಡಿ ಯಾರನ್ನು ತೂರಿಸಬೇಕು?

ನಮ್ಮೂರ ಮನೆಯ ಪಾಯದಡಿ ಬೆಕ್ಕು ತೂರಲೂ ಜಾಗವಿರುವುದಿಲ್ಲ. ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಹಳೆ ಮನೆಗಳು ಹಾಗಲ್ಲ. ರಾಲಿಯ ಓಕ್‌ವುಡ್‌ನಂಥ ಬಡಾವಣೆಯಲ್ಲಿ ನೂರು ವರ್ಷ ದಾಟಿದ ಮರದ ಮನೆಗಳು ಇಟ್ಟಿಗೆ ಕಂಬಗಳ ಮೇಲೆ ಕೂತಿವೆ. ಅಡಿಯಲ್ಲಿ ತೆವಳಿಕೊಂಡೇ ಹೋಗಬೇಕಾದ ಕತ್ತಲ ಜಾಗ. ಅದೇ ಕ್ರಾಲ್‌ಸ್ಪೇಸ್.

ಇಲ್ಲಿ ಆಫರ್ ಒಪ್ಪಿಗೆಯಾದ ಕೂಡಲೇ ಡ್ಯೂ ಡಿಲಿಜೆನ್ಸ್ ಫೀ (ಮನೆ ಪರೀಕ್ಷಿಸಿ ನಿರ್ಧರಿಸಲು ಸಿಗುವ ಗಡುವಿಗಾಗಿ ಕೊಡುವ ಹಣ) ನೇರ ಮಾರುವವರ ಕೈ ಸೇರುತ್ತದೆ. ಗಡುವಿನೊಳಗೆ ಹಿಂದೆ ಸರಿದರೆ ಅರ್ನೆಸ್ಟ್ ಮನಿ, ಅಂದರೆ ಮುಂಗಡ, ವಾಪಸ್ ಬರುತ್ತದೆ, ಈ ಫೀ ಮಾತ್ರ ಹೋದಂತೆಯೇ. ಆದ್ದರಿಂದ ಒಪ್ಪಿಗೆಯಾದ ದಿನವೇ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿ.

ಹೋಮ್ ಇನ್‌ಸ್ಪೆಕ್ಟರಿಗೆ ರಾಜ್ಯದ ಲೈಸೆನ್ಸ್ ಇರುತ್ತದೆ. ಆದರೆ ಜಾಗ ತೀರಾ ಇಕ್ಕಟ್ಟು ಅಥವಾ ಅಪಾಯ ಎನಿಸಿದರೆ ಅವನು ಒಳಗೆ ಹೋಗಲೇಬೇಕೆಂಬ ನಿಯಮವಿಲ್ಲ. ಹೇಗೆ ನೋಡಿದೆ ಎಂದು ರಿಪೋರ್ಟಿನಲ್ಲಿ ಬರೆದರೆ ಸಾಕು. ನನ್ನ ಮೊದಲ ರಿಪೋರ್ಟಿನಲ್ಲಿ "ಬಾಗಿಲಿನಿಂದ ನೋಡಲಾಗಿದೆ" ಎಂಬ ಒಂದು ಸಾಲಿತ್ತು. ನಾನು ಗಮನಿಸಲೇ ಇಲ್ಲ. ಎರಡನೆಯವನು ಬಿಳಿ ಸೂಟ್ ತೊಟ್ಟು ಹೊಟ್ಟೆಯ ಮೇಲೆ ತೆವಳಿದ. ಅಡುಗೆಮನೆಯ ಅಡಿಯ ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿದ, ಬೆಣ್ಣೆಗೆ ಚುಚ್ಚಿದ ಹಾಗೆ ಹಿಡಿವರೆಗೂ ಇಳಿಯಿತು. ಪಕ್ಕದ ಕಂಬದ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ. ಗೆದ್ದಲಿನ ದಾರಿ ಅದು, ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಬುಕ್ ಮಾಡುವಾಗಲೇ ಕೇಳಿ: ನಾಲ್ಕು ಮೂಲೆಗೂ ಹೋಗುತ್ತೀರಾ, ಫೋಟೋ ಕೊಡುತ್ತೀರಾ?

ಗೆದ್ದಲಿಗೆ ಬೇರೆಯೇ ರಿಪೋರ್ಟ್ ಉಂಟು, ಡಬ್ಲ್ಯುಡಿಐಆರ್, ಅಂದರೆ ಮರ ತಿನ್ನುವ ಹುಳುಗಳ ವರದಿ. ಅದನ್ನು ಲೈಸೆನ್ಸಿರುವ ಪೆಸ್ಟ್ ಕಂಟ್ರೋಲ್‌ನವರು ಕೊಡುತ್ತಾರೆ. ತೊಲೆ ಬಾಗಿದ್ದರೆ, ಕಂಬ ವಾಲಿದ್ದರೆ ಸ್ಟ್ರಕ್ಚರಲ್ ಇಂಜಿನಿಯರ್ ಬೇಕು. ಇಂಥವರಿಗೇ ನೇರ ದುಡ್ಡು ಕೊಟ್ಟು ಕರೆಸಿ. "ಉಚಿತ ತಪಾಸಣೆ" ಎಂದು ಬರುವವನು ಸಾಮಾನ್ಯವಾಗಿ ಎನ್‌ಕ್ಯಾಪ್ಸುಲೇಷನ್ (ಕ್ರಾಲ್‌ಸ್ಪೇಸ್ ಪೂರ್ತಿ ಪ್ಲಾಸ್ಟಿಕ್‌ನಿಂದ ಮುಚ್ಚುವ ಕೆಲಸ) ಮಾರುವವನು, ಅವನಿಗೆ ಎಲ್ಲ ಮನೆಯೂ ಒದ್ದೆಯೇ.

ಹಾಗೆಂದು ತೇವ ಸುಳ್ಳಲ್ಲ. ಬೇಸಿಗೆಯಲ್ಲಿ ಪಾಯದ ವೆಂಟ್ (ಗಾಳಿಕಿಂಡಿ) ತೆರೆದಿಟ್ಟರೆ ಒಣಗುತ್ತದೆ ಅಂದುಕೊಳ್ಳುತ್ತೇವೆ. ಆಗುವುದು ಉಲ್ಟಾ: ಹೊರಗಿನ ಬೆವರುಗಾಳಿ ತಣ್ಣನೆಯ ಎಸಿ ಡಕ್ಟಿಗೆ (ಗಾಳಿ ಸಾಗುವ ಕೊಳವೆ) ತಾಗಿ ನೀರಾಗಿ ತೊಟ್ಟಿಕ್ಕುತ್ತದೆ. ಮೀಟರಿನಲ್ಲಿ ಮರದ ತೇವ ಶೇ. 20ರ ಮೇಲೆ ನಿಂತರೆ ಬೂಷ್ಟಿಗೆ ಹಬ್ಬ. ಮೊದಲು ಸೂರಿನ ಗಟರ್ ಸರಿಮಾಡಿಸಿ, ಮಳೆನೀರು ಗೋಡೆಯಿಂದ ದೂರ ಹರಿಯಲಿ, ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ. ದೊಡ್ಡ ಖರ್ಚು ಆಮೇಲೆ. ಹಳೆ ಡಕ್ಟ್, ಪೈಪುಗಳಿಗೆ ಬಿಳಿ ಬಟ್ಟೆಯಂಥ ಹೊದಿಕೆ ಕಂಡರೆ ಮುಟ್ಟಬೇಡಿ, ಆಸ್ಬೆಸ್ಟಾಸ್ ಇರಬಹುದು.

ಮನೆ ಸ್ಥಳೀಯ ಆಡಳಿತ ಗುರುತಿಸಿದ ಹಿಸ್ಟಾರಿಕ್ ಡಿಸ್ಟ್ರಿಕ್ಟಿನಲ್ಲಿದ್ದರೆ (ಹಳೆ ಕಟ್ಟಡಗಳ ರೂಪ ಕಾಪಾಡುವ ಪ್ರದೇಶ) ಇನ್ನೊಂದು ಕೊಂಡಿ. ಒಳಗಿನ ತೊಲೆ ಬದಲಿಸಿದರೆ ಹಿಸ್ಟಾರಿಕ್ ಕಮಿಷನ್ ಕೇಳುವುದಿಲ್ಲ, ಬಿಲ್ಡಿಂಗ್ ಪರ್ಮಿಟ್ ಸಾಕು. ಆದರೆ ಹೊರಮೈಯ ಪಾಯದ ಇಟ್ಟಿಗೆ ಅಥವಾ ವೆಂಟ್ ಬದಲಿಸಲು ಸರ್ಟಿಫಿಕೇಟ್ ಆಫ್ ಅಪ್ರೋಪ್ರಿಯೇಟ್‌ನೆಸ್ (ಬದಲಾವಣೆ ಹಳೆ ರೂಪಕ್ಕೆ ಹೊಂದುತ್ತದೆಂಬ ಒಪ್ಪಿಗೆ ಪತ್ರ) ಬೇಕಾಗುತ್ತದೆ. ಸುಣ್ಣದ ಗಾರೆಯ ಜಾಗಕ್ಕೆ ಗಟ್ಟಿ ಸಿಮೆಂಟ್ ತುಂಬಲು ಮೇಸ್ತ್ರಿಯನ್ನು ಬಿಡಬೇಡಿ, ಮೆತ್ತನೆಯ ಹಳೆ ಇಟ್ಟಿಗೆಯ ಮುಖವೇ ಸಿಪ್ಪೆಯೇಳುತ್ತದೆ.

ಡ್ಯೂ ಡಿಲಿಜೆನ್ಸ್ ಗಡುವು ಮುಗಿಯುವುದು ಕೊನೆಯ ದಿನ ಸಂಜೆ 5 ಗಂಟೆಗೆ, ಒಂದು ನಿಮಿಷವೂ ಹೆಚ್ಚಿಲ್ಲ. ಬೆಲೆ ಇಳಿಸುವ ಮಾತು, ರಿಪೇರಿಯ ಒಪ್ಪಂದ ಎಲ್ಲಕ್ಕೂ ಅಷ್ಟರೊಳಗೆ ಸಹಿ ಬೀಳಬೇಕು. ಇಂಜಿನಿಯರ್ ಪತ್ರಕ್ಕಾಗಿ ಕಾಯುತ್ತಾ ನಾನು ಸಹಿ ಮಾಡಿದ್ದು 4:40ಕ್ಕೆ.