ನಾನು ನೂಲಲು ಕಲಿತದ್ದು ಹೀಗೆ

ಮೊದಲ ಮೂರು ವಾರ ನನ್ನ ನೂಲು ಒಂದು ಮೊಳಕ್ಕಿಂತ ಉದ್ದ ಬರಲೇ ಇಲ್ಲ. ಎಳೆಯುತ್ತಿದ್ದೆ, ತುಂಡಾಗುತ್ತಿತ್ತು. ಸೇರಿಸುತ್ತಿದ್ದೆ, ಅದರ ಪಕ್ಕದಲ್ಲೇ ಮತ್ತೆ ತುಂಡಾಗುತ್ತಿತ್ತು. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಬಿಟ್ಟುಬಿಡುವವಳಿದ್ದೆ. ತಪ್ಪು ಇದ್ದದ್ದು ಕೈಯಲ್ಲಿ ಅಲ್ಲ, ಕದಿರಿನಲ್ಲಿ, ಅಂದರೆ ಚರಕದಲ್ಲಿ ತಿರುಗುತ್ತಾ ನೂಲು ಸುತ್ತಿಕೊಳ್ಳುವ ಮೊನೆಯ ಕಡ್ಡಿಯಲ್ಲಿ.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡಿದ್ದ ಊರು. ಅಪ್ಪ ಹತ್ತಿ ಮಿಲ್ಲಿನಲ್ಲಿ ನೂಲುವ ಖಾತೆಯಲ್ಲಿದ್ದರು. ಪಾಳಿ ಮುಗಿಸಿ ಬಂದಾಗ ಅವರ ಹುಬ್ಬಿನ ಮೇಲೂ ಹತ್ತಿ ಕೂತಿರುತ್ತಿತ್ತು. ಮಿಲ್ಲು ನಿಂತು ಎಷ್ಟೋ ವರ್ಷವಾಯಿತು. ನಾನು ಮದುವೆಯಾಗಿ ಚಿತ್ರದುರ್ಗಕ್ಕೆ ಬಂದೆ. ನಲವತ್ತು ದಾಟಿದ ಮೇಲೆ, ಅಪ್ಪ ಜೀವನವಿಡೀ ಮಾಡಿದ ಕೆಲಸವನ್ನು ಒಮ್ಮೆ ನನ್ನ ಬೆರಳಲ್ಲಿ ಮಾಡಿ ನೋಡಬೇಕು ಅನ್ನಿಸಿತು. ಹಳೆಯ ಪೆಟ್ಟಿಗೆ ಚರಕ ಒಂದನ್ನು ಕೊಂಡೆ. ಗಾಂಧೀಜಿ ಯರವಾಡ ಜೈಲಿನಲ್ಲಿದ್ದಾಗ ರೂಪಿಸಿದ ಮಾದರಿ ಅದು. ಮುಚ್ಚಿದರೆ ಸಣ್ಣ ಸೂಟ್‌ಕೇಸಿನಷ್ಟೇ ಜಾಗ ಸಾಕು.

ನನ್ನ ಜೊತೆ ಕೆಲಸ ಮಾಡುವವರೊಬ್ಬರ ಅತ್ತೆ ಚಳ್ಳಕೆರೆ ಹತ್ತಿರದ ಹಳ್ಳಿಯಲ್ಲಿದ್ದಾರೆ. ಕಂಬಳಿ ನೇಯುವ ಮನೆ. ಗಂಡಸರು ಮಗ್ಗದಲ್ಲಿ ಕೂರುತ್ತಾರೆ, ಉಣ್ಣೆ ನೂಲುವುದು ಹೆಂಗಸರ ಕೆಲಸ. ಒಂದು ಭಾನುವಾರ ಚರಕದ ಪೆಟ್ಟಿಗೆ ಹಿಡಿದುಕೊಂಡು ಬಸ್ಸು ಹತ್ತಿದೆ. ಅಜ್ಜಿ ನನ್ನ ನೂಲಿನ ಕಡೆ ನೋಡಲೇ ಇಲ್ಲ. ಚಕ್ರ ತಿರುಗಿಸು ಅಂದರು. ತಿರುಗಿಸಿದೆ. ಕಣ್ಣು ಕಿರಿದು ಮಾಡಿ ಕದಿರಿನ ಮೊನೆಯನ್ನೇ ನೋಡಿದರು.

"ನೋಡವ್ವಾ, ತುದಿ ಕುಣೀತೈತೆ. ನೂಲು ಹೆಂಗೆ ನಿಂದ್ರುತ್ತೆ?"

ನೇರವಾದ ಕದಿರು ತಿರುಗುವಾಗ ಅದರ ಮೊನೆ ಒಂದು ಚುಕ್ಕೆಯ ಹಾಗೆ ನಿಂತೇ ಇರುತ್ತದೆ. ನನ್ನದು ಸಣ್ಣ ವೃತ್ತ ಬರೆಯುತ್ತಿತ್ತು. ಕೂದಲೆಳೆಯಷ್ಟು ಬಾಗಿದ್ದರೂ ಸಾಕು, ಪ್ರತಿ ಸುತ್ತಿಗೂ ನೂಲಿಗೆ ಒಂದು ಜಗ್ಗು ಬೀಳುತ್ತದೆ. ಇನ್ನೂ ಹುರಿ, ಅಂದರೆ ತಿರುಚು, ತುಂಬದ ಎಳೆ ಅದನ್ನು ತಡೆಯುವುದಿಲ್ಲ. ಮಾರಿದವರು ಚೆನ್ನಾಗಿದೆ ಅಂತ ಹೇಳಿಯೇ ಕೊಟ್ಟಿದ್ದರು, ನಾನು ನೋಡಿ ಕೊಳ್ಳುವಷ್ಟು ತಿಳಿದಿರಲಿಲ್ಲ. ಅಜ್ಜಿಯ ಮಗ ಅದನ್ನು ಕಲ್ಲಿನ ಮೇಲಿಟ್ಟು, ಉರುಳಿಸಿ ಉರುಳಿಸಿ, ಉಬ್ಬಿದ ಕಡೆ ಮೆಲ್ಲಗೆ ತಟ್ಟಿ ನೇರ ಮಾಡಿಕೊಟ್ಟರು. ಹತ್ತು ನಿಮಿಷದ ಕೆಲಸ. ಹಾಗಾಗಿ ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಹತ್ತಿ ಮುಟ್ಟುವ ಮೊದಲು ಕದಿರಿನ ಮೊನೆ ನೋಡಿ. ಆಮೇಲೆ ಚಕ್ರದಿಂದ ಕದಿರನ್ನು ತಿರುಗಿಸುವ ದಾರ ಜಾರುತ್ತಿದೆಯಾ ನೋಡಿ, ಜಾರಿದರೆ ಸ್ವಲ್ಪ ಮೇಣ ಉಜ್ಜಿ. ಕದಿರು ಕೂರುವ ಜಾಗಕ್ಕೆ ಒಂದು ಹನಿ ಹರಳೆಣ್ಣೆ ಬಿಡಿ.

ಎರಡನೇ ಭಾನುವಾರ ಅಜ್ಜಿ ಹಂಜಿಯನ್ನೇ, ಅಂದರೆ ನೂಲಲು ಹಿಂಜಿ ಸುರುಳಿ ಮಾಡಿದ ಉಣ್ಣೆಯನ್ನೇ, ಕೊಡಲಿಲ್ಲ. ತಮ್ಮ ದೊಡ್ಡ ರಾಟೆಯ ಮುಂದೆ ಕೂರಿಸಿ, ಬರೀ ಚಕ್ರ ತಿರುಗಿಸುವಂತೆ ಹೇಳಿದರು. ಮುಂದಕ್ಕೆ ಮೂರು ಸುತ್ತು, ನಿಲ್ಲಿಸು, ಹಿಂದಕ್ಕೆ ಅರ್ಧ ಸುತ್ತು, ಮತ್ತೆ ಮುಂದಕ್ಕೆ. ಬಲಗೈ ನೋಡದೆಯೇ ಇದನ್ನು ಮಾಡಬೇಕು. ನನಗೆ ಅವತ್ತು ಪೂರ್ತಿ ಹಿಡಿಯಿತು. ಈಗ ಅನ್ನಿಸುತ್ತದೆ, ಎರಡು ಕೈಗೂ ಒಂದೇ ಸಲ ಕಲಿಸಲು ಹೋದದ್ದೇ ನಾನು ಮನೆಯಲ್ಲಿ ಮಾಡಿದ ದೊಡ್ಡ ತಪ್ಪು. ಬಲಗೈ ತಾನಾಗಿ ತಿರುಗಿಸುವಂತಾದ ಮೇಲೆ ಗಮನವೆಲ್ಲ ಎಡಗೈಗೆ ಸಿಗುತ್ತದೆ.

ಮೂರನೇ ವಾರ ಹಂಜಿ ಕೈಗೆ ಬಂತು. ಕದಿರಿಗೆ ಮೊದಲೇ ಒಂದು ಗಜ ಹಳೆಯ ನೂಲು ಸುತ್ತಿರಬೇಕು. ಅದರ ತುದಿಯನ್ನು ಹಂಜಿಯ ತುದಿಯ ಮೇಲಿಟ್ಟು, ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಹಗುರವಾಗಿ ಹಿಡಿದು ಚಕ್ರ ತಿರುಗಿಸಬೇಕು. ನೂಲು ಕದಿರಿಗೆ ಓರೆಯಾಗಿರಬೇಕು. ಆಗ ಕದಿರು ಒಂದು ಸುತ್ತು ಹಾಕಿದಾಗಲೆಲ್ಲ ನೂಲು ಮೊನೆಯಿಂದ ಜಾರಿ ಒಂದು ಹುರಿ ಏರುತ್ತದೆ. ಎಡಗೈ ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಹಂಜಿಯಿಂದ ಎಳೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ತೋಳು ಪೂರ್ತಿ ಚಾಚಿದ ಮೇಲೆ ಕೈ ಅಲ್ಲೇ ನಿಲ್ಲಿಸಿ ಇನ್ನೆರಡು ಸುತ್ತು ಹುರಿ ಕೊಡಬೇಕು. ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿದರೆ ಮೊನೆಗೆ ಸುತ್ತಿದ್ದ ಭಾಗ ಬಿಚ್ಚುತ್ತದೆ. ಆಮೇಲೆ ನೂಲನ್ನು ಕದಿರಿಗೆ ನೇರ ಅಡ್ಡವಾಗಿ ಹಿಡಿದು ಮುಂದಕ್ಕೆ ತಿರುಗಿಸಿದರೆ ನೂಲು ಕದಿರಿಗೆ ಸುತ್ತಿಕೊಳ್ಳುತ್ತದೆ.

ಬರೆದರೆ ಇಷ್ಟೇ. ಆದರೆ ನನ್ನ ಬೆರಳು ಹೆದರಿ ಹಂಜಿಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡೇ ಹೇಳುತ್ತಿದ್ದರು, "ಜಗ್ಗಬ್ಯಾಡ ಕಣವ್ವಾ. ಬಿಡು. ಅದೇ ಬರ್ತೈತೆ."

ಬಿಡುವುದು ಅಂದರೆ ಏನು ಅಂತ ಒಂದು ದಪ್ಪ ಗಂಟಿನಿಂದ ನನಗೆ ಗೊತ್ತಾಯಿತು. ಎಳೆಯಲ್ಲಿ ಒಂದು ಕಡೆ ಉಬ್ಬು ಬಂದಿತ್ತು. ಸರಿ, ಹಾಳಾಯಿತು ಅಂದುಕೊಂಡು ಸುಮ್ನೆ ಎಡಗೈ ಹಿಂದಕ್ಕೆ ಒಯ್ದೆ. ನನ್ನ ಕಣ್ಣೆದುರೇ ಆ ಉಬ್ಬು ಕರಗಿ ಸಮವಾಯಿತು! ಹುರಿ ಯಾವಾಗಲೂ ತೆಳು ಜಾಗಕ್ಕೇ ಮೊದಲು ಓಡುತ್ತದೆ. ತೆಳು ಜಾಗ ಹುರಿ ತಗೊಂಡು ಗಟ್ಟಿಯಾಗುತ್ತದೆ, ದಪ್ಪ ಜಾಗ ಸಡಿಲವಾಗಿಯೇ ಇರುತ್ತದೆ. ಆಗ ಎಳೆದರೆ ಬಿಚ್ಚುವುದು ಆ ದಪ್ಪ ಜಾಗವೇ. ಅಂದರೆ ನೂಲು ತನ್ನನ್ನು ತಾನೇ ಸಮ ಮಾಡಿಕೊಳ್ಳುತ್ತದೆ, ನಾವು ಅವಸರ ಮಾಡದಿದ್ದರೆ. ಆ ಸಂಜೆ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅದನ್ನೇ ನೆನೆಸಿಕೊಳ್ಳುತ್ತಿದ್ದೆ.

ಆದರೆ ಮನೆಗೆ ಬಂದು ಹತ್ತಿ ಹಿಡಿದರೆ ಮತ್ತೆ ತುಂಡು. ಅಪ್ಪನಿಗೆ ಫೋನು ಮಾಡಿದೆ. ಅವರಿಗೆ ಈಗ ಎಂಬತ್ತರ ಹತ್ತಿರ, ಆದರೆ ಲೆಕ್ಕ ಮರೆತಿಲ್ಲ. "ಎಷ್ಟು ನಂಬರಿನ ನೂಲು ತೆಗೀತಿದ್ದೀಯ?" ಅಂದರು. ಒಂದು ಪೌಂಡ್ ಹತ್ತಿಯಲ್ಲಿ 840 ಗಜದ ಎಷ್ಟು ಲಡಿ (ನೂಲಿನ ಕಟ್ಟು) ಬರುತ್ತವೋ ಅದೇ ಆ ನೂಲಿನ ನಂಬರು. ನಂಬರು ಜಾಸ್ತಿಯಾದಷ್ಟೂ ನೂಲು ಸಣ್ಣ. ಆ ನಂಬರಿನ ವರ್ಗಮೂಲವನ್ನು ನಾಲ್ಕರಿಂದ ಗುಣಿಸಿದರೆ ಒಂದು ಇಂಚಿಗೆ ಎಷ್ಟು ಹುರಿ ಬೇಕು ಅನ್ನುವುದು ಹೆಚ್ಚುಕಡಿಮೆ ಸಿಗುತ್ತದೆ. 20ನೇ ನಂಬರಿಗೆ ಸುಮಾರು 18. ತೋಳಿನುದ್ದ 24 ಇಂಚು ಅಂದುಕೊಂಡರೆ ಒಂದು ಎಳೆತಕ್ಕೆ 430ರ ಆಸುಪಾಸು.

ಮುಂದಿನ ವಾರ ಅಜ್ಜಿಯ ರಾಟೆಯನ್ನು ಅಳತೆ ಮಾಡಿದೆ. ಚಕ್ರದ ಅಡ್ಡಳತೆ 20 ಇಂಚು, ಕದಿರಿನಲ್ಲಿ ದಾರ ಕೂರುವ ಜಾಗ ಅರ್ಧ ಇಂಚು. ಚಕ್ರ ಒಂದು ಸುತ್ತು ಹೋದರೆ ಕದಿರು 40 ಸುತ್ತು. ಒರಟು ಉಣ್ಣೆಗೆ ಇಂಚಿಗೆ ಐದು ಹುರಿ ಸಾಕು, ಅಂದರೆ ಆ ರಾಟೆಯಲ್ಲಿ ಚಕ್ರದ ಮೂರೇ ಸುತ್ತು. ಅದೇ ರಾಟೆಯಲ್ಲಿ ಹತ್ತಿ ನೂಲಬೇಕೆಂದರೆ ಹನ್ನೊಂದು ಸುತ್ತು ಬೇಕು. ನಾನು ಉಣ್ಣೆಗೆ ಕಲಿತ ಕೈಯನ್ನೇ ಹತ್ತಿಗೆ ತಂದಿದ್ದೆ. ಉಣ್ಣೆಯ ಎಳೆ ಗುಂಗುರು, ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಹತ್ತಿಯ ಎಳೆ ಚಿಕ್ಕದು, ನುಣುಪು, ಹುರಿ ಕಡಿಮೆಯಾದರೆ ಜಾರಿಹೋಗುತ್ತದೆ. ಹುರಿ ಜಾಸ್ತಿಯಾದರೂ ಕಷ್ಟವೇ. ಒಂದು ಗೇಣು ನೂಲನ್ನು ಸಡಿಲ ಬಿಟ್ಟಾಗ ಹಾವಿನ ಹಾಗೆ ಬಿಗಿಯಾಗಿ ಸುರುಳಿ ಸುತ್ತಿಕೊಂಡರೆ ಹುರಿ ಮಿತಿ ಮೀರಿದೆ ಅಂತ ಅರ್ಥ.

ಅಪ್ಪ ಇನ್ನೊಂದು ಮಾತು ಹೇಳಿದರು. ಮಿಲ್ಲಿನಲ್ಲಿ ನೂಲುವ ಖಾತೆಯ ಗಾಳಿಯನ್ನು ಯಾವಾಗಲೂ ತೇವವಾಗಿ ಇಡುತ್ತಿದ್ದರಂತೆ, ಒಣ ಗಾಳಿಯಲ್ಲಿ ಹತ್ತಿ ನೂಲು ಪಟಪಟ ಹರಿಯುತ್ತದೆ. ದುರ್ಗದ ಮಾರ್ಚ್ ಬಿಸಿಲು ಗೊತ್ತಲ್ವಾ? ಈಗ ನಾನು ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೇ ಕೂರುತ್ತೇನೆ, ಪಕ್ಕದ ಕಿಟಕಿಗೆ ಒದ್ದೆ ಬಟ್ಟೆ ಕಟ್ಟುತ್ತೇನೆ. ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ಹರಿದಾಗ ಗಂಟು ಹಾಕಬಾರದು. ಎರಡೂ ತುದಿಗಳ ಹುರಿ ಬಿಚ್ಚಿ, ಪೊರಕೆಯ ಹಾಗೆ ಹರಡಿ, ಒಂದರ ಮೇಲೊಂದು ಎರಡು ಇಂಚು ಇಟ್ಟು ಹುರಿ ಕೊಡಬೇಕು. ಗಂಟು ಇದ್ದರೆ ಮಗ್ಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಹಂಜಿಯ ಬಗ್ಗೆ ಒಂದು ಮಾತು. ನೂಲಿನಂತೆ ಸೀರೆ ಅನ್ನುತ್ತೇವೆ. ಹಂಜಿಯಂತೆ ನೂಲು ಅನ್ನುವುದೂ ಅಷ್ಟೇ ನಿಜ. ಅಜ್ಜಿಯ ಮನೆಯಲ್ಲಿ ಕರಿ ಕುರಿಯ ಉಣ್ಣೆಯನ್ನು ಮೊದಲು ಬಿಸಿಲಿಗೆ ಹರಡುತ್ತಾರೆ. ಕಸ, ಮುಳ್ಳು, ಸೀಮೆಜಾಲಿಯ ಎಲೆ ಎಲ್ಲ ಆರಿಸಿ, ಬೆರಳಲ್ಲಿ ಹಿಂಜಿ, ಮೋಡದಷ್ಟು ಹಗುರ ಮಾಡಿದ ಮೇಲೇ ಹಂಜಿ. ಒಂದು ತಾಸು ನೂಲುವುದಕ್ಕೆ ಎರಡು ತಾಸು ಹಿಂಜುವುದು. ನಾನು ಅವಸರದಲ್ಲಿ ಹಿಂಜಿದ ದಿನ ನೂಲಿನಲ್ಲಿ ಹತ್ತು ಮಾರಿಗೊಂದು ಮುಳ್ಳು ಸಿಗುತ್ತಿತ್ತು. ಹತ್ತಿಯ ಹಂಜಿಯನ್ನೂ ಹಾಗೇ ನೋಡಿ ತಗೊಳ್ಳಿ. ಚೀಲದಲ್ಲಿ ಅಮುಕಿ ಅಮುಕಿ ಗಟ್ಟಿಯಾದ ಹಂಜಿಯಿಂದ ನುರಿತವರಿಗೂ ಒಳ್ಳೆಯ ನೂಲು ಬರುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಧ ಕಿಲೋ ಉಣ್ಣೆ ನೂಲು ಕೂಡಿತು. ಉಂಡೆ ಮಾಡಿ ಒಯ್ದೆ. ಅಜ್ಜಿ ಒಂದು ಉಂಡೆ ಬಿಚ್ಚಿ, ಎರಡು ಕೈಯ ನಡುವೆ ಎಳೆ ಹಿಡಿದು, ಬೆರಳಿನಿಂದ ಮೀಟಿದರು. ಒಂದು ಕಡೆ ನಿಲ್ಲಿಸಿ ಮೂಸಿದರು. ಅಂಗಳದಲ್ಲಿ ಮಗ ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳಿಗೆ, ಹುಣಸೆಬೀಜದ ಗಂಜಿ ಬಳಿಯುತ್ತಿದ್ದರು. ಒಂದು ಕಂಬಳಿಯುದ್ದದ ಹಾಸು, ಒಣಗಿದ ಮೇಲೆ ತಂತಿಯ ಹಾಗೆ ನಿಲ್ಲುತ್ತದೆ.

"ಹಾಸಿಗೆ ಆಗಂಗಿಲ್ಲ," ಅಂದರು ಅಜ್ಜಿ. "ಹೊಕ್ಕಿಗೆ ಹಾಕ್ಬೋದು."

ಹಾಸಿನ ಎಳೆ ಮಗ್ಗದ ಬಿಗಿತ ತಡೆಯಬೇಕು. ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆ ಸ್ವಲ್ಪ ಮೆತ್ತಗಿದ್ದರೂ ನಡೆಯುತ್ತದೆ. ಮಗ ನನ್ನ ಉಂಡೆಯನ್ನು ತಗೊಂಡು ಮಗ್ಗದ ಪಕ್ಕದ ಬುಟ್ಟಿಯಲ್ಲಿ, ಮನೆಯವರ ಉಂಡೆಗಳ ಜೊತೆಗೇ ಇಟ್ಟರು. ಮುಂದಿನ ಭಾನುವಾರ ಹಾಸಿನ ನೂಲಿಗೆ ಎಷ್ಟು ಸುತ್ತು ಅಂತ ತೋರಿಸುತ್ತೇನೆ, ಬೇಗ ಬಾ ಅಂದಿದ್ದಾರೆ ಅಜ್ಜಿ.